ಗೋಡೆ ನನ್ನದು, ಬಾಗಿಲು ದೇವಸ್ಯಣ್ಣನದು

ಪರದೆಯಲ್ಲಿ ಎರಡು ಸಣ್ಣ ಸೊನ್ನೆಗಳು, ಒಂದರ ಕೆಳಗೆ ಇನ್ನೊಂದು, ಕೆಳಗಿನದರ ಹೊಟ್ಟೆಯಲ್ಲಿ ಒಂದು ಚುಕ್ಕೆ, ಅಕ್ಷತೆ ಕಾಳಿನಷ್ಟೂ ಇಲ್ಲ, ಮೇಲಿನದು ಖಾಲಿ, ಖಾಲಿ ಸೊನ್ನೆಯ ಪಕ್ಕ ಈ ಯೋಜನೆಗಳನ್ನೆಲ್ಲ ಒಬ್ಬರೇ ಬಳಸುವುದು ಎಂದಿದೆ, ಚುಕ್ಕೆಯ ಸೊನ್ನೆಯ ಪಕ್ಕ ಹಲವರು ಸೇರಿ ಬಳಸುವುದು ಎಂದಿದೆ, ಬರೆದಿರುವುದು ಇಂಗ್ಲಿಷಿನಲ್ಲಿ, ನನ್ನೊಳಗೆ ಕೇಳುವುದು ಕನ್ನಡದಲ್ಲಿ, ಯಾರೋ ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಿರುವ ಹಾಗೆ — ಹಲವರು ಅಂದರೆ ಇಬ್ಬರು, ನಾನು ಮತ್ತು ದೇವಸ್ಯಣ್ಣ, ಮೂರನೆಯವರು ಮನೆಗಳ ಪ್ಲಾನು ಬರೆಯುವ ಈ ಆಫೀಸಿನಲ್ಲಿ ಯಾವತ್ತೂ ಇರಲಿಲ್ಲ, ಇಬ್ಬರಿಗೇ ಹಲವರು ಎನ್ನುವ ಮರ್ಯಾದೆ ಈ ಸಾಫ್ಟ್‌ವೇರು ಒಂದೇ ಕೊಟ್ಟದ್ದು. ಚುಕ್ಕೆಯನ್ನು ಮೇಲಿನ ಮನೆಗೆ ಒಯ್ದರಾಯಿತು, ಒಂದು ಬೆರಳಿನ ಕೆಲಸ, ನಿನ್ನೆ ಫೋನಿನಲ್ಲಿ ಸಫ್ವಾನ್ ಹೇಳಿದ್ದೂ ಅದನ್ನೇ, ಈ ಸಾಫ್ಟ್‌ವೇರು ಹಾಕಿಕೊಟ್ಟವನು ಅವನು, ನಾನು ಬರುದು ಎಂತಕ್ಕೆ ಅಕ್ಕ, ನೀವೇ ಮಾಡಿ, ಸೆಟ್ಟಿಂಗಿಗೆ ಹೋಗುದು, ಒಬ್ಬರು ಅಂತ ಕೊಡುದು, ಮುಗೀತು, ಮತ್ತೆ ಯಾರಿಗೂ ಒಳಗೆ ಬರ್ಲಿಕ್ಕೆ ಆಗುದಿಲ್ಲ. ಯಾರಿಗೂ ಅಂದ್ರೆ ಯಾರಿಗೆ ಸಫ್ವಾನ್. ನಿಮ್ಮನ್ನು ಬಿಟ್ಟು ಬೇರೆ ಯಾರಿಗೂ ಅಕ್ಕ. ಅವನಿಗೆ ಗೊತ್ತಿಲ್ಲ ಅಂತಲ್ಲ, ಗೊತ್ತಿದ್ದೇ ಹೆಸರು ಹೇಳಲಿಲ್ಲ, ಒಳ್ಳೆಯ ಮನೆಯ ಹುಡುಗ — ಕೆಳಗೆ ರಸ್ತೆಯಲ್ಲಿ ಸುಬ್ರಹ್ಮಣ್ಯದ ಬಸ್ಸು ದರ್ಬೆಯಲ್ಲಿ ನಿಂತು ಜನ ಹತ್ತಿಸಿಕೊಳ್ಳುತ್ತಿದೆ, ಕಂಡಕ್ಟರ್ ಕಡಬ ಕಡಬ ಕಡಬ ಎಂದು ಕೂಗುತ್ತಿದ್ದಾನೆ, ಮೊದಲೆಲ್ಲ ಈ ಹೊತ್ತಿಗೆ ಆ ಕಡೆಯಿಂದ ಬರುವ ಬಸ್ಸಿನಿಂದ ದೇವಸ್ಯಣ್ಣ ಇಳಿಯುತ್ತಿದ್ದರು, ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಮೆಟ್ಟಿಲು ಹತ್ತುವಾಗಲೇ ಪೆಂಙಳೆ ಚಾ ಆಯ್ತಾ ಎನ್ನುತ್ತ, ಪೆಂಙಳೆ ಅಂದರೆ ಅವರ ಮನೆಮಾತಿನಲ್ಲಿ ತಂಗಿ, ನಾನು ಮೂವತ್ತು ವರ್ಷದಿಂದ ಅವರಿಗೆ ಪೆಂಙಳೆ, ಅವರು ನನಗೆ ದೇವಸ್ಯಣ್ಣ.

ಮಾಡದಿದ್ದರೆ ಏನಾಗುತ್ತದೆ, ಏನಾಗುತ್ತದೆ ಎಂದು ಗೊತ್ತಾದದ್ದಕ್ಕೇ ಅಲ್ಲವೇ ಸೆಟ್ಟಿಂಗಿನ ಈ ಪೆಟ್ಟಿಗೆಯನ್ನು ತೆರೆದು ಕೂತಿರುವುದು, ಕೆದಂಬಾಡಿಯ ಮಹಾಬಲಣ್ಣ ಮೊನ್ನೆ ಇದೇ ಕುರ್ಚಿಯಲ್ಲಿ ಕೂತರು, ಕೂತದ್ದಲ್ಲ, ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು, ಕಮಲಾವತಿಯಕ್ಕ, ನೀವು ಮಾಡಿ ಕೊಟ್ಟದ್ದು ಮನೆಯ ಪ್ಲಾನಾ ಸರ್ಕಸ್ಸಿನ ಪ್ಲಾನಾ ಹೇಳಿ, ಅಡಿಗೆಕೋಣೆಯ ಬಾಗಿಲು ತೆಗೆದ್ರೆ ಎಂತ ಉಂಟು, ಬಾವಿ ಉಂಟು ಮಾರಾಯ್ರೆ, ಬಾವಿ, ಕಟ್ಟೆ ಸಹ ಇನ್ನೂ ಕಟ್ಟಿ ಆಗದ ಬಾವಿ, ನನ್ನ ಹೆಂಡತಿ ಬೆಳಿಗ್ಗೆ ಕಣ್ಣುಜ್ಜಿಕೊಂಡು ಹೊರಗೆ ಕಾಲಿಟ್ರೆ ಮತ್ತೆ ಅವಳನ್ನು ನೀರು ಸೇದುವ ಹಾಗೆ ಸೇದಬೇಕು. ನಗಿಸುವ ಮಾತೇ, ನಾನು ನಕ್ಕೇಬಿಡುತ್ತಿದ್ದೆನೋ ಏನೋ, ಆದರೆ ಅವರ ದನಿ ಅಲ್ಲಿಗೆ ಇಳಿಯಿತು, ನಮ್ಮ ಸಾಕ್ಷಿ, ಮೊಮ್ಮಗಳು, ಬಾಗಿಲಿನ ದಾರಂದ ಇಟ್ಟದ್ದು ನೋಡ್ಲಿಕ್ಕೆ ಬಂದವಳು, ಓ ಬಾಗಿಲು ಅಂತ ಓಡಿ ಹೋದ್ಳು, ಇವಳು, ಅಜ್ಜಿ, ಹಿಂದಿನಿಂದ ಲಂಗ ಹಿಡಿದದ್ದು, ಲಂಗದ ಲಾಡಿ ಇವಳ ಕೈಯಲ್ಲಿ ಬಂತು, ಮಗು ಹೊಸ್ತಿಲಲ್ಲಿ ನಿಂತಿತು, ಅಷ್ಟೇ ಅಕ್ಕ, ಅಷ್ಟೇ. ಮೇಸ್ತ್ರಿಯನ್ನು ಕೇಳಿದ್ರೆ ಪ್ಲಾನಿನಲ್ಲಿ ಉಂಟು ಅಂತಾನೆ. ಹೌದು, ಪ್ಲಾನಿನಲ್ಲಿ ಇತ್ತು, ನಾನೇ ಸೀಲು ಹೊಡೆದು ಕೊಟ್ಟ ಪ್ಲಾನು, ಒಂದು ಗೆರೆ, ಗೆರೆಯ ತುದಿಯಿಂದ ಗೋಡೆಯ ಕಡೆಗೆ ಬಾಗಿ ಬಂದ ಒಂದು ಕಮಾನು, ಕಾಲುಭಾಗ ಚಕ್ರ, ಬಾಗಿಲನ್ನು ನಾವು ಹಾಗೆ ಬರೆಯುವುದು, ಎಷ್ಟು ದೂರಕ್ಕೆ ತೆರೆಯುತ್ತದೆ ಎಂದು ತೋರಿಸಲಿಕ್ಕೆ, ಇರಬೇಕಾದ ಗೋಡೆಯಲ್ಲಿ ಇರಲಿಲ್ಲ, ಇರಬಾರದ ಗೋಡೆಯಲ್ಲಿ ಇತ್ತು. ಮಹಾಬಲಣ್ಣ ಆ ಬಾಗಿಲನ್ನು ಕೆಂಪುಕಲ್ಲು ಇಟ್ಟು ಮುಚ್ಚಿಸಿದರು, ಪುಣ್ಯಾತ್ಮರು, ದೇವಸ್ಯಣ್ಣನ ಹೆಸರು ಎತ್ತಲಿಲ್ಲ, ಹೋಗುವಾಗ ಮಾತ್ರ, ಅವರಿಗೆ ಈಗ ಹೇಗುಂಟು ಎಂದು ಕೇಳಿದರು, ಅಂದರೆ ಅವರಿಗೂ ತಿಳಿದಿತ್ತು.

ಆ ಸಂಜೆ ಜಿಮ್ಮಿಗೆ ಹೇಳಿದೆ, ದೇವಸ್ಯಣ್ಣನ ಮಗ, ನೆಲ್ಯಾಡಿಯಲ್ಲಿ ರಬ್ಬರು ಶೀಟಿನ ಅಂಗಡಿ, ಅವನು ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ನೇರ ಇಲ್ಲಿಗೇ ಬಂದ, ಕಮಲಾಂಟಿ, ನಿಮ್ಮ ಕಾಲು ಹಿಡೀತೇನೆ, ಅಪ್ಪನಿಗೆ ಅದು ತೆರೆಯದ ಹಾಗೆ ಮಾಡಿ, ಅಪ್ಪನಿಂದ ಒಂದು ಜೀವ ಹೋದ್ರೆ ನಾವು ಎಂತ ಮಾಡುದು, ಅವರ ಹತ್ತಿರ ನೆಟ್ಟು ಇಲ್ಲ ಅಂತ ಹೇಳಿ ಬಿಡುವ, ಟವರು ಬಿದ್ದಿದೆ ಅಂತ ಹೇಳುವ, ಎರಡು ವಾರ ಕಳೆದ್ರೆ ಮರ್ತು ಹೋಗ್ತದೆ. ಮರೆತುಹೋಗುತ್ತದಂತೆ, ದೇವಸ್ಯಣ್ಣ ಪಾರ್ಶ್ವವಾಯು ಬಡಿದು ಬಲಗೈ ಮಡಿಲಲ್ಲಿ ಬಿದ್ದ ಮೇಲೆ ಹೆಂಡತಿಯ ತಂಗಿಯ ಹೆಸರು ಮರೆತರು, ತಿಂಗಳ ಹೆಸರು ಮರೆತರು, ಬಾಗಿಲು ಮರೆಯಲಿಲ್ಲ. ಟವರು ಬಿದ್ದಿದೆ ಎಂದು ಅವರಿಗೆ ಹೇಳುವ ನಾಲಿಗೆ ನನಗಿಲ್ಲ, ದೇವರ ಎದುರು ಕೈಮುಗಿದು ಬಂದ ಬಾಯಿ, ಆದರೆ ನಿಜ ಹೇಳುವ ನಾಲಿಗೆಯೂ ಎಲ್ಲಿದೆ, ನಾನು ಕೇಳುವವಳು, ಯಾವತ್ತೂ ಕೇಳುತ್ತಾ ಕೂತವಳು.

ಮೊದಲ ದಿನ ಸಹ ಹಾಗೇ, ನಾನು ಐಟಿಐ ಮುಗಿಸಿ ಸುಳ್ಯದಿಂದ ಬಂದವಳು, ದೇವಸ್ಯಣ್ಣ ಮೆಟ್ಟಿಲ ಮೇಲೆ ಬೋರ್ಡು ಹೊತ್ತುಕೊಂಡು ನಿಂತಿದ್ದರು, ದೊಡ್ಡ ಡ್ರಾಯಿಂಗ್ ಬೋರ್ಡು, ಶಿಲುಬೆಯನ್ನು ಹೊತ್ತ ಹಾಗೆ ಬೆನ್ನಿನ ಮೇಲೆ, ಒಂದು ತುದಿ ಹಿಡೀತೀರಾ ಎಂದರು, ಹಿಡಿದೆ, ಅದೇ ನನ್ನ ಇಂಟರ್‌ವ್ಯೂ. ಒಂದೇ ಬೋರ್ಡು ಇದ್ದದ್ದು, ಆ ಕಡೆಯಿಂದ ಅವರು, ಈ ಕಡೆಯಿಂದ ನಾನು, ಒಂದೇ ಟ್ರೇಸಿಂಗ್ ಪೇಪರಿನ ಮೇಲೆ ಎರಡು ತಲೆ, ನನ್ನ ಗೆರೆ ಅವರಿಗೆ ತಲೆಕೆಳಗು, ಅವರ ಗೆರೆ ನನಗೆ ತಲೆಕೆಳಗು, ಬೆಳಿಗ್ಗೆ ಮಲ್ಲಿಗೆ ಮುಡಿದು ಹೋದರೆ ಹೂವು ಪೇಪರಿನ ಮೇಲೆ ಬೀಳುತ್ತಿತ್ತು, ನಿಮ್ಮ ಬೆಡ್‌ರೂಮಿನಲ್ಲಿ ಹೂ ಬಿತ್ತು ಪೆಂಙಳೆ, ಮನೆಯವರಿಗೆ ಒಳ್ಳೆದಾಗ್ತದೆ ಎನ್ನುತ್ತಿದ್ದರು. ಹಿಂದಿನ ಕೋಣೆಯಲ್ಲಿ ಪ್ಲಾನಿನ ಪ್ರತಿ ತೆಗೆಯುವ ಅಮೋನಿಯಾ ಪ್ರಿಂಟಿನ ಪೆಟ್ಟಿಗೆ, ಆ ಕಟುವಾಸನೆಗೆ ಇಬ್ಬರಿಗೂ ಕಣ್ಣಲ್ಲಿ ನೀರು, ಪ್ರತಿ ಮನೆಗೂ ಒಮ್ಮೆ ಅತ್ತು ಕೊಟ್ಟಿದ್ದೇವೆ ನಾವು. ಮತ್ತೆ ಅವರದೊಂದು ಕ್ರಮ, ಯಾರು ಕಲಿಸಿದರೋ, ಅವರೇ ಮಾಡಿಕೊಂಡದ್ದೋ, ಗೋಡೆ ಎಲ್ಲ ಮೊದಲು ಮುಗಿಯಬೇಕು, ಸುತ್ತ ಮುಚ್ಚಿ, ಒಂದು ಇರುವೆ ಹೋಗಲೂ ಸಂದಿಲ್ಲದ ಹಾಗೆ, ಅದು ನನ್ನ ಕೆಲಸ, ಕಮಲಾವತಿ ಗೋಡೆ ಹಾಕಿದ್ರೆ ಹಾಕಿದ್ದೇ ಎಂದು ಬಂದವರ ಹತ್ತಿರ ಹೇಳುತ್ತಿದ್ದರು, ಅನಂತರ ಅವರು ಎದ್ದು ಕೈ ತೊಳೆದು ಬರುತ್ತಿದ್ದರು, ಹಣೆಯಿಂದ ಎದೆಗೆ, ಭುಜದಿಂದ ಭುಜಕ್ಕೆ ಶಿಲುಬೆ ಗುರುತು ಹಾಕುತ್ತಿದ್ದರು, ಜೇಬಿನಿಂದ ಅರ್ಧ ಬ್ಲೇಡು, ಶಾಯಿಯ ಗೋಡೆಯನ್ನು ಬ್ಲೇಡಿನ ಮೂಲೆಯಿಂದ ಕೆರೆದು, ಪೇಪರು ಹರಿಯದಂತೆ, ಉಸಿರು ಬಿಗಿಹಿಡಿದು, ಊದಿ, ಗೋಡೆಯಲ್ಲಿ ಒಂದು ಬಿಳಿಯ ಜಾಗ, ಅಲ್ಲಿ ಗೆರೆ, ಗೆರೆಯ ತುದಿಯಿಂದ ಕಮಾನು, ಬಾಗಿಲು. ಬಾಗಿಲು ಆದ ಮೇಲೇ ಅದು ಮನೆ, ಅಲ್ಲಿಯವರೆಗೆ ಪೆಟ್ಟಿಗೆ ಎನ್ನುತ್ತಿದ್ದರು. ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಸ್ವಾಮಿ ಸುಬ್ರಹ್ಮಣ್ಯ ಎನ್ನುತ್ತಿದ್ದೆ, ನಿಮ್ಮ ಸುಬ್ರಾಯ ದೇವರಿಗೆ ಹೇಳಿ ಆಯ್ತಾ ಎಂದು ಕೇಳಿಯೇ ಬ್ಲೇಡು ಇಳಿಸುತ್ತಿದ್ದದ್ದು, ಇಷ್ಟು ವರ್ಷದಲ್ಲಿ ನಾನು ಒಂದೂ ಬಾಗಿಲು ಹಾಕಲಿಲ್ಲ, ಒಂದೂ ಇಲ್ಲ, ಕಲಿಯಬೇಕೆಂದು ತೋಚಲೂ ಇಲ್ಲ — ಮನೆ ಮಾಡಿಸುವವರು ಬಂದರೆ ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತಿದ್ದರು, ನಿಮ್ಮ ಮನೆಯಲ್ಲಿ ಮೊದಲು ಏಳುದು ಯಾರು, ಗಂಡಸರು ನಾನೇ ಎನ್ನುತ್ತಿದ್ದರು, ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು, ದೇವಸ್ಯಣ್ಣ ನಕ್ಕವರ ಮುಖ ನೋಡಿ ಅಗಳಿಯನ್ನು ಅವರ ಕೈಗೆ ಸಿಗುವ ಕಡೆಗೆ ಇಡುತ್ತಿದ್ದರು, ಕತ್ತಲಲ್ಲಿ ಒಂದು ಕೈಯಲ್ಲಿ ಕೊಡಪಾನ ಇರ್ತದೆ, ಬಾಗಿಲು ಇನ್ನೊಂದು ಕೈಯ ಮಾತು ಕೇಳಬೇಕು ಎನ್ನುತ್ತಿದ್ದರು.

ಒಂದು ಕೈ, ಇನ್ನೊಂದು ಕೈ — ಸುಳ್ಯದ ಬಸ್‌ಸ್ಟ್ಯಾಂಡಿನ ಹಿಂದಿನ ಬಾಡಿಗೆ ಕೋಣೆಯಲ್ಲಿ ನನ್ನ ಅಪ್ಪ ಹೊಲಿಗೆ ಮೆಶೀನಿನ ಮುಂದೆ, ಅಮ್ಮ ನೆಲದಲ್ಲಿ, ಅಪ್ಪ ಪುರಾಣದ ಪದ್ಯಗಳನ್ನು ಬಾಯಿಪಾಠದಲ್ಲಿ ಹಾಡುತ್ತ ಹೊಲಿಯುತ್ತಿದ್ದರು, ಕಾಲಿನ ಪೆಡಲಿಗೂ ಪದ್ಯಕ್ಕೂ ಒಂದೇ ನಡಿಗೆ, ಆರು ಸಾಲಿನ ಪದ್ಯ, ಮೂರನೆಯ ಸಾಲಿನ ಕೊನೆಯಲ್ಲಿ ದನಿ ಎಳೆದು ನಿಲ್ಲಿಸುವಾಗ ಪೆಡಲೂ ನಿಲ್ಲುತ್ತಿತ್ತು, ಆ ನಿಂತ ಜಾಗದಲ್ಲಿ ಅಮ್ಮ ಅರ್ಥ ಹೇಳುತ್ತಿದ್ದಳು, ಅಂಗಿಗೆ ಕಾಜ ಹಾಕುತ್ತ, ಕಾಜ ಅಮ್ಮನ ಕೆಲಸ, ಗುಂಡಿ ಹೋಗುವಷ್ಟೇ ಬಟ್ಟೆಯನ್ನು ಸೀಳಿ ಸುತ್ತ ನೂಲು ಕಟ್ಟುವುದು, ಆಗ ದೇವಿ ಹೇಳ್ತಾಳೆ ಸ್ವಾಮೀ ನೀವು ಬರುವ ದಾರಿಯನ್ನೇ ನೋಡ್ತಾ ಕೂತಿದ್ದೇನೆ ಅಂತ, ಎಂದು ಅಮ್ಮ ಹಲ್ಲಿನಿಂದ ನೂಲು ಕಡಿದರೆ ಅಪ್ಪನ ಪೆಡಲು ಮತ್ತೆ ಹೊರಡುತ್ತಿತ್ತು. ನನ್ನ ಕೆಲಸ ಹೂಂ ಎನ್ನುವುದು, ಯಾರಾದರೂ ಒಬ್ಬರು ಹೂಂ ಎನ್ನದಿದ್ದರೆ ಪದ್ಯ ಮುಂದೆ ಹೋಗುವುದಿಲ್ಲ ಎಂದು ಅಪ್ಪ ನಂಬಿದ್ದರು, ಅರ್ಥ ಬಂದು ತಲುಪಿತು ಎಂದು ಹೇಳುವ ಸದ್ದು ಅದು, ತಲುಪದೆ ಹೂಂ ಅಂದರೆ ಪಾಪ ಬರುತ್ತದೆ. ಅಮ್ಮನ ಬೆರಳಿನ ಗಂಟುಗಳು ಊದಿ ಸೂಜಿ ಹಿಡಿಯಲಾಗದ ಮೇಲೆ ಅಪ್ಪ ಅಂಗಿ ಹೊಲಿಯುವುದನ್ನೇ ಬಿಟ್ಟರು, ಬರೇ ರವಿಕೆ, ರವಿಕೆಗೆ ಹುಕ್ಕು ಸಾಕು, ಕಾಜವನ್ನು ಅಪ್ಪನೇ ಹಾಕಬಹುದಿತ್ತು, ದರ್ಜಿ ಅಲ್ಲವೇ, ಕೈಗೆ ಬಾರದ ಕೆಲಸವೇ, ಹಾಕಲಿಲ್ಲ, ಯಾರಾದರೂ ಅಂಗಿಬಟ್ಟೆ ತಂದರೆ ನಾವು ಅದು ಮಾಡುದಿಲ್ಲ ಮಾರಾಯ್ರೆ ಎಂದು ಕಳಿಸುತ್ತಿದ್ದರು, ನಾವು ಎನ್ನುತ್ತಿದ್ದರು, ನಾನು ಎನ್ನುತ್ತಿರಲಿಲ್ಲ.

ದೇವಸ್ಯಣ್ಣನಿಗೂ ನನ್ನ ಹೂಂನದೇ ಚಿಂತೆ, ನಿಮ್ಮ ಹತ್ತಿರ ಮಾತಾಡುದೂ ಒಂದೇ ಬಾವಿಗೆ ಕಲ್ಲು ಹಾಕುದೂ ಒಂದೇ, ಬಾವಿಯಾದ್ರೆ ಒಮ್ಮೆ ಗುಳುಂ ಅಂತದೆ, ಕೇಳಿದ್ರೆ ಹೂಂ ಅನ್ನಿ ಮಾರಾಯ್ತಿ, ಇದ್ದೀರಾ ಇಲ್ವಾ ಗೊತ್ತಾಗುದಿಲ್ಲ. ಕಂಪ್ಯೂಟರು ಬಂದ ಮೇಲೆ ಬೋರ್ಡು ಹೋಯಿತು, ಎರಡು ಮೇಜು ಬಂತು, ಗೋಡೆಯ ಕಡೆ ಅವರು, ಕಿಟಕಿಯ ಕಡೆ ನಾನು, ಬೆನ್ನಿಗೆ ಬೆನ್ನು, ಮುಖ ಕಾಣುವುದು ನಿಂತಿತು, ಆಗ ಸಫ್ವಾನ್ ಈ ಸಾಫ್ಟ್‌ವೇರು ತಂದು ಹಾಕಿದ್ದು, ಇಬ್ಬರೂ ಒಂದೇ ಮನೆಯ ಒಳಗೆ ಇರಬಹುದು, ಒಬ್ಬರು ಹಿಡಿದುಕೊಂಡ ಗೋಡೆ ಇನ್ನೊಬ್ಬರ ಪರದೆಯಲ್ಲಿ ಹಿಡಿದವರ ಬಣ್ಣದಲ್ಲಿ ಕಾಣುತ್ತದೆ, ಅವರು ಬಿಟ್ಟುಕೊಡದೆ ಇನ್ನೊಬ್ಬರು ಮುಟ್ಟಲಾಗದು. ಬಣ್ಣ ಆರಿಸಿ ಎಂದಾಗ ನಾನು ಎಲೆಯ ಹಸಿರು ಹೇಳಿದೆ, ದೇವಸ್ಯಣ್ಣ ಎಲ್ಲ ಬಣ್ಣಗಳನ್ನೂ ನೋಡಿ ನೋಡಿ, ಹಣ್ಣಡಿಕೆಯ ಬಣ್ಣ ಉಂಟಾ ಎಂದರು, ಸಫ್ವಾನ್ ಆ ಕೆಂಪುಹಳದಿಯನ್ನು ಹುಡುಕಿ ಕೊಟ್ಟ, ಆಮೇಲೆ ನಮ್ಮ ಮನೆಗಳೆಲ್ಲ ಹಸಿರು ಗೋಡೆಗೆ ಹಣ್ಣಡಿಕೆ ಬಾಗಿಲು, ಹಿಂದೆ ತಿರುಗದೆಯೇ ಗೊತ್ತಾಗುತ್ತಿತ್ತು, ಈಗ ಎದ್ದರು, ಈಗ ಕೈ ತೊಳೆದು ಬಂದರು, ಈಗ ಶಿಲುಬೆ, ಈಗ ಅಡಿಗೆಕೋಣೆಯ ಬಾಗಿಲು, ಹಣ್ಣಡಿಕೆಯ ಬಣ್ಣದ ಕಮಾನೊಂದು ನನ್ನ ಗೋಡೆಯಲ್ಲಿ ಮೂಡುತ್ತಿತ್ತು, ನಾನು ಹೂಂ ಎನ್ನುತ್ತಿದ್ದೆ, ಅವರು ಬೆನ್ನ ಹಿಂದೆ ನಗುತ್ತಿದ್ದರು. ಕೈ ಬಿದ್ದ ಮೇಲೆ ಕಡಬದ ಆಚೆ ಅವರ ಮನೆಗೇ ಒಂದು ಕಂಪ್ಯೂಟರು ಇಟ್ಟು ಕೊಟ್ಟದ್ದು ನಾನೇ, ಎಡಗೈಯಲ್ಲಿ ಮೌಸು ಹಿಡಿಯಲು ಅಭ್ಯಾಸ ಆಗಲಿ, ಹೊತ್ತು ಹೋಗಲಿ ಎಂದು, ಮೊದಲ ದಿನ ಸುಳ್ಯದ ಒಂದು ಮನೆಗೆ ಒಂದು ಹಣ್ಣಡಿಕೆ ಕಮಾನು ಬಂದು ಕೂತಾಗ ನಾನು ಒಬ್ಬಳೇ ಇದ್ದ ಕೋಣೆಯಲ್ಲಿ ಗಟ್ಟಿಯಾಗಿ ಹೂಂ ಎಂದೆ. ಕೂತದ್ದು ಗೋಡೆಯ ತಪ್ಪು ಕೊನೆಯಲ್ಲಿ. ಇರಲಿ ಎಂದು ಅವರು ಬಿಟ್ಟುಕೊಟ್ಟು ಹೊರಗೆ ಹೋದ ಮೇಲೆ ಸರಿಸಿದೆ. ಮರುದಿನ ಎರಡು, ಒಂದು ಕಪಾಟಿನ ಹಿಂದೆ, ಒಂದು ಕಂಬಕ್ಕೆ ತಾಗಿ, ಸರಿಸಿದೆ, ಹಾಗೆಯೇ ನಡೆದುಬಂತು, ಬೆಳಿಗ್ಗೆ ಅವರು ಹಾಕುವುದು, ಮಧ್ಯಾಹ್ನ ನಾನು ಸರಿಸುವುದು, ಯಾರಿಗೂ ಹೇಳದೆ, ಮಲಗಿದ ಮಗುವಿನ ಹೊದಿಕೆ ಸರಿಮಾಡಿದ ಹಾಗೆ, ಕೆದಂಬಾಡಿಯ ಮನೆಯದು ಯಾವ ಮಧ್ಯಾಹ್ನ ತಪ್ಪಿತೋ, ಯಾರು ಬಂದರೋ, ಏನು ಮರೆವು ಕವಿಯಿತೋ — ಲಂಗದ ಲಾಡಿ ಅಜ್ಜಿಯ ಕೈಯಲ್ಲಿ.

ಒಯ್ದೆ. ಚುಕ್ಕೆ ಮೇಲಿನ ಸೊನ್ನೆಗೆ ಹೋಗಿ ಕೂತಿತು, ಸದ್ದಿಲ್ಲ, ಏನೂ ಇಲ್ಲ, ಸರಿ ಎನ್ನುವ ಗುಂಡಿ ಒತ್ತಿದೆ, ಸಣ್ಣ ಚಕ್ರ ತಿರುಗಿತು, ತಿರುಗಿತು, ಆಗುವುದಿಲ್ಲ ಎಂದಿತು. ಒಂದು ವಸ್ತು ಇನ್ನೂ ದೇವಸ್ಯ ಎಂಬವರ ಬಳಿ ಇದೆ, ಅವರು ಬಿಟ್ಟುಕೊಡಬೇಕು, ಇಲ್ಲವಾದರೆ ನೀವು ಬಲವಂತವಾಗಿ ತೆಗೆದುಕೊಳ್ಳಬಹುದು, ಬಲವಂತವಾಗಿ ಎಂಬುದಕ್ಕೊಂದು ಬೇರೆಯೇ ಗುಂಡಿ, ಕೆಂಪು ಬಣ್ಣದ್ದು, ಎಷ್ಟು ಸಲೀಸು. ಯಾವ ವಸ್ತು, ಯಾವ ಮನೆ, ಕುಂಞಿಪಾತುಮ್ಮನದು, ಸಂಪಾಜೆಯಲ್ಲಿ ಘಾಟಿ ರಸ್ತೆಯ ಬದಿಗೆ ಚಾ ಅಂಗಡಿ ಇಟ್ಟವರು, ಅಂಗಡಿಯ ಹಿಂದೆ ಎರಡು ಕೋಣೆಯ ಮನೆ, ನನ್ನ ಹಸಿರು ಗೋಡೆಗಳೆಲ್ಲ ಮುಗಿದಿವೆ, ಇವತ್ತು ಬೆಳಿಗ್ಗೆ ಎದುರು ಗೋಡೆಯಲ್ಲಿ ಹಣ್ಣಡಿಕೆ ಬಣ್ಣದ ಒಂದು ಬಾಗಿಲು. ದೇವಸ್ಯಣ್ಣ ಈಗ ಒಳಗೇ ಇದ್ದಾರೆ, ನೋಡುತ್ತಿದ್ದ ಹಾಗೆ ಕಮಾನು ಮಗುಚಿತು, ಎಡಕ್ಕೆ ಇದ್ದದ್ದು ಬಲಕ್ಕೆ, ಸ್ವಲ್ಪ ಹೊತ್ತು ಹಾಗೇ ಇತ್ತು, ಮತ್ತೆ ಎಡಕ್ಕೆ, ಒಳಕ್ಕೆ ಇದ್ದದ್ದು ಹೊರಕ್ಕೆ, ಮತ್ತೆ ಒಳಕ್ಕೆ, ತೆರೆದು ಮುಚ್ಚಿ ನೋಡಿದ ಹಾಗೆ, ಯಾರೋ ಹೊಸ ಮನೆಗೆ ಬಂದು ಬಾಗಿಲಿನ ಕಿರುಗುಟ್ಟುವಿಕೆ ಕೇಳುತ್ತಿರುವ ಹಾಗೆ, ಕೊನೆಗೆ ಎಡಕ್ಕೇ ಬಂದು ನಿಂತಿತು. ಎಡಕ್ಕೆ. ಕಪಾಟಿನ ಹಿಂದಿನದೂ ಎಡಕ್ಕೆ, ಕಂಬದ್ದೂ ಎಡಕ್ಕೆ, ಕೆದಂಬಾಡಿಯ ಅಡಿಗೆಕೋಣೆಯಲ್ಲಿ ಒಲೆಯ ಮುಂದೆ ನಿಂತವರ ಬಲಗಡೆ ಅಂಗಳ, ಎಡಗಡೆ ಬಾವಿ — ಅಯ್ಯೋ ದೇವರೇ, ಅವರು ಯಾವ ಬಾಗಿಲನ್ನೂ ಸುಮ್ಮನೆ ಎಲ್ಲೆಂದರಲ್ಲಿ ಇಡಲಿಲ್ಲ, ಪ್ರತಿ ಮನೆಯಲ್ಲೂ ಹೋಗಿ ನಿಂತಿದ್ದಾರೆ, ಮಡಿಲಲ್ಲಿ ಬಿದ್ದ ಬಲಗೈಯನ್ನು ಬಿಟ್ಟು ಎಡಗೈ ಚಾಚಿದ್ದಾರೆ, ಆ ಕೈ ಎಲ್ಲಿಗೆ ತಲುಪಿತೋ ಅಲ್ಲಿ ಬಾಗಿಲು, ಬಾಗಿಲು ಇನ್ನೊಂದು ಕೈಯ ಮಾತು ಕೇಳಬೇಕು. ಇದು ತಿಳಿದದ್ದರಿಂದ ಬಾವಿ ದೂರ ಹೋಗುವುದಿಲ್ಲ. ತಿಳಿಯದೆ ಇದ್ದಿದ್ದರೆ ಕೆಂಪು ಗುಂಡಿ ಒತ್ತುವುದು ಸುಲಭ ಇತ್ತು.

ಫೋನು ಎತ್ತಿದ್ದು ಏಲಿಯಕ್ಕ, ಅವರ ಹೆಂಡತಿ, ಅಯ್ಯೋ ಕಮಲಾವತಿಯಾ, ಅವರು ಆಫೀಸಲ್ಲಿ ಇದ್ದಾರೆ ಎಂದರು, ಎಲ್ಲಿ, ಇಲ್ಲೇ ಜಗಲಿಯಲ್ಲಿ, ಕಂಪ್ಯೂಟರಿನ ಹತ್ತಿರ, ನಮಗೆ ಅದು ಜಗಲಿ ಅವರಿಗೆ ಆಫೀಸು, ಬೆಳಿಗ್ಗೆ ಎದ್ದು ಮಿಂದು ಇಸ್ತ್ರಿ ಶರ್ಟೇ ಬೇಕು, ಒಂದು ಕೈಯಲ್ಲಿ ಗುಂಡಿ ಹಾಕ್ಲಿಕ್ಕೆ ಎಷ್ಟು ಹೊತ್ತು ಗೊತ್ತುಂಟಾ, ನಾನು ಹಾಕ್ತೇನೆ ಅಂದ್ರೆ ಕೇಳುದಿಲ್ಲ, ಆಫೀಸಿಗೆ ಹೋಗುವವನಿಗೆ ಹೆಂಡತಿ ಗುಂಡಿ ಹಾಕುದಾ ಅಂತಾರೆ, ಚಾ ಕೊಟ್ರೆ ಅಲ್ಲಿಡು, ಪೆಂಙಳೆ ಸಹ ಕುಡೀಲಿಲ್ಲ ಅಂತಾರೆ. ಏಲಿಯಕ್ಕನ ನಗು, ಅನಂತರ ಕುರ್ಚಿ ಎಳೆದ ಸದ್ದು, ಅನಂತರ ಉಸಿರು, ಮಾತಿಗಿಂತ ಮೊದಲು ಈಗ ಅವರ ಉಸಿರು ಬರುತ್ತದೆ, ಪೆಂ-ಙಳೆ. ದೇವಸ್ಯಣ್ಣ, ಕುಂಞಿಪಾತುಮ್ಮನ ಬಾಗಿಲು ನಿಮ್ಮ ಹತ್ತಿರ ಉಂಟು. ಉಂಟು, ಎಂತ ಅವಸರ, ಅವರೇನು ಓಡಿ ಹೋಗ್ತಾರಾ, ನಾನು ಫೋನು ಮಾಡಿ ಕೇಳಿದೆ ಅವರ ಹತ್ತಿರ, ಮೊದಲು ಏಳುದು ಯಾರು ಅಂತ, ಎಂತ ಹೇಳಿದ್ರು ಗೊತ್ತುಂಟಾ, ಮೊದಲು ಏಳುದೂ ನಾನೇ ಕೊನೆಗೆ ಏಳುದೂ ನಾನೇ ದೇವಸ್ಯಣ್ಣ, ಇರುದು ನಾನೊಬ್ಬಳೇ ಅಲ್ವಾ, ಅಂತ. ಒಂದೊಂದು ಮಾತಿಗೂ ನಡುವೆ ಒಂದೊಂದು ಹೊಳೆ ದಾಟುತ್ತಿದ್ದರು, ನಾನು ಈ ದಡದಲ್ಲಿ ಹೂಂ, ಹೂಂ, ಹೂಂ. ಆಮೇಲೆ ಹೇಳಿದೆ, ಹೇಗೆ ಹೇಳಿದೆ ಗೊತ್ತಿಲ್ಲ, ಟವರು ಬಿದ್ದಿದೆ ಎನ್ನಲಿಲ್ಲ, ದೇವಸ್ಯಣ್ಣ ಅದನ್ನು ಬಿಟ್ಟುಕೊಡಬೇಕು, ಇದು ಮಾತ್ರ ಅಲ್ಲ, ಎಲ್ಲ, ಇವತ್ತಿನಿಂದ ನಾನು ಒಬ್ಬರಿಗೇ ತೆರೆಯುವ ಹಾಗೆ ಮಾಡ್ತಾ ಇದ್ದೇನೆ. ಉಸಿರು. ಜಿಮ್ಮಿ ಹೇಳಿದನಾ. ಹೇಳಿದ, ಆದ್ರೆ ಮಾಡುದು ನಾನು. ಉಸಿರು. ಎಂತಕ್ಕೆ. ಕೆದಂಬಾಡಿಯ ಬಾಗಿಲು ಹೇಳಿದೆ, ಬಾವಿ ಹೇಳಿದೆ, ಸಾಕ್ಷಿ ಎನ್ನುವ ಮಗು ಹೇಳಿದೆ, ಲಂಗ ಹೇಳಿದೆ, ಇಷ್ಟು ಉದ್ದ ಮಾತನ್ನು ನಾನು ಅವರ ಹತ್ತಿರ ಯಾವತ್ತೂ ಆಡಲಿಲ್ಲ, ಅವರು ಒಮ್ಮೆಯೂ ಹೂಂ ಎನ್ನಲಿಲ್ಲ. ಮಗು, ಎಂದರು. ಮಗುವಿಗೆ ಏನೂ ಆಗ್ಲಿಲ್ಲ ದೇವಸ್ಯಣ್ಣ. ಕರ್ತಾವೇ, ಎಂದರು, ಅದು ಅವರು ದೇವರನ್ನು ಕರೆಯುವುದು, ಇನ್ನೊಮ್ಮೆ ಕರ್ತಾವೇ. ಆಮೇಲೆ ನಿಧಾನವಾಗಿ, ಬೇರೆಯದರಲ್ಲಿ ಸಹ ಉಂಟಾ ತಪ್ಪು, ನೀವು ನನ್ನ ಹಿಂದೆ ಅಳಿಸಿಕೊಂಡು ಬರ್ತಾ ಇದ್ದದ್ದಾ. ಹೂಂ. ಅವರು ನಕ್ಕರು, ಬಾಯಿಯ ಒಂದು ಬದಿಯಿಂದ ಬರುವ ನಗು, ಗಾಳಿಯೇ ಹೆಚ್ಚು, ಅದಕ್ಕೇ ಮತ್ತೆ, ನಾನು ಎಣಿಸಿದ್ದು ಕಂಪ್ಯೂಟರು ತಾನಾಗಿ ಸರಿ ಮಾಡ್ತದೆ ಅಂತ, ಎಷ್ಟು ಒಳ್ಳೆಯ ಕಂಪ್ಯೂಟರು ಅಂತ ಏಲಿಯ ಹತ್ತಿರ ಹೊಗಳಿದ್ದೇನೆ ಮಾರಾಯ್ತಿ. ನಾನೂ ನಕ್ಕೆ. ಆಗ ಕೇಳಿದರು, ಸಿಟ್ಟಿಲ್ಲ, ಅಳು ಇಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಷ್ಟೇ ಸುಮ್ಮನೆ, ಹಾಗಾದ್ರೆ ನಾಳೆ ಬೆಳಿಗ್ಗೆ ನಾನು ಶರ್ಟು ಹಾಕುದು ಎಂತಕ್ಕೆ ಪೆಂಙಳೆ. ಕೇಳಿತಾ, ಹೂಂ ಅನ್ನಿ, ಇದ್ದೀರಾ ಇಲ್ವಾ ಗೊತ್ತಾಗುದಿಲ್ಲ. ಎನ್ನಲಾಗಲಿಲ್ಲ, ಅರ್ಥ ತಲುಪಿತ್ತು, ತಲುಪಿದ ಮೇಲೂ ಬಾಯಿ ತೆರೆಯಲಿಲ್ಲ. ಸರಿ ಇರಲಿ, ಎಂದರು, ಬಾಗಿಲು ಯಾರು ಹಾಕುದು ಮತ್ತೆ. ನಾನೇ. ಹಾಕ್ತೀರಾ. ಹಾಕ್ತೇನೆ. ಹಾಕಿ, ಹಾಕಿ, ಸುಬ್ರಾಯ ದೇವರಿಗೆ ಹೇಳಿ ಹಾಕಿ, ಎಂದರು, ಫೋನು ಏಲಿಯಕ್ಕನ ಕೈಗೆ ಹೋಯಿತೋ ಮೇಜಿಗೆ ಹೋಯಿತೋ, ಒಂದು ಕೋಳಿ ಕೂಗಿದ್ದು ಕೇಳಿತು, ಅಷ್ಟೇ.

ಪರದೆಯಲ್ಲಿ ಹಣ್ಣಡಿಕೆ ಬಾಗಿಲು ಇನ್ನೂ ಸ್ವಲ್ಪ ಹೊತ್ತು ಇತ್ತು, ಎಡಕ್ಕೆ ತೆರೆದುಕೊಂಡು, ನಾನು ನೋಡುತ್ತಾ ಕೂತೆ, ಬಿಟ್ಟುಕೊಡುತ್ತಾರೆ, ಬಣ್ಣ ಹೋಗಿ ಕಪ್ಪು ಗೆರೆಯ ಬಾಗಿಲು ಉಳಿಯುತ್ತದೆ, ಅದನ್ನು ಹಾಗೇ ಇಡುತ್ತೇನೆ, ಎದುರು ಬಾಗಿಲು ಎಡಕ್ಕೆ ತೆರೆದರೆ ಯಾರಿಗೆ ಏನಾಗಬೇಕು, ಅಲ್ಲಿ ಬಾವಿ ಇಲ್ಲ, ಅದೊಂದು ಇರಲಿ, ಎಂದುಕೊಂಡೆ, ಅಷ್ಟರಲ್ಲಿ ಅದು ಇಲ್ಲವಾಯಿತು. ಬಣ್ಣ ಮಾತ್ರ ಅಲ್ಲ, ಬಾಗಿಲೇ. ತೆಗೆದುಕೊಂಡು ಹೋದರು, ಹಿಂದೆ ಯಾರೂ ಸರಿಮಾಡಬೇಕಾಗಿಲ್ಲದ ಹಾಗೆ, ಕೆರೆದ ಜಾಗದಲ್ಲಿ ಗೋಡೆ ಬಂದು ಕೂಡಿಕೊಂಡಿತು, ಸುತ್ತ ಗೋಡೆ, ಇರುವೆ ಹೋಗಲೂ ಸಂದಿಲ್ಲ, ಕಮಲಾವತಿ ಗೋಡೆ ಹಾಕಿದ್ರೆ ಹಾಕಿದ್ದೇ. ಮೇಲಿನ ಮೂಲೆಯಲ್ಲಿ ಅವರ ಹೆಸರಿನ ಪಕ್ಕದ ದೀಪ ಆರಿತು. ಸರಿ ಒತ್ತಿದೆ, ಚಕ್ರ ತಿರುಗಿತು, ಈ ಸಲ ತಡೆಯಲಿಲ್ಲ, ಚುಕ್ಕೆ ಮೇಲಿನ ಸೊನ್ನೆಯಲ್ಲಿ, ಕೆಳಗಿನದು ಬರಿದು, ಒಬ್ಬರು, ಈಗ ಪೂರ್ತಿ ಒಬ್ಬರು, ಹಸಿರು ಬಣ್ಣವೂ ಹೋಯಿತು, ಒಬ್ಬರೇ ಇರುವಲ್ಲಿ ಬಣ್ಣ ಬೇಡ, ಯಾರದು ಯಾವುದು ಎಂದು ಯಾರಿಗೆ ಹೇಳಬೇಕು. ಎದ್ದೆ, ಕೈ ತೊಳೆದು ಬಂದೆ, ಕಣ್ಣು ಮುಚ್ಚಿದೆ, ಸ್ವಾಮಿ ಸುಬ್ರಹ್ಮಣ್ಯ, ಮುಂದೆ ಇನ್ನೊಬ್ಬರ ಕೈ ಇಳಿಯುವುದಕ್ಕೆ ಕಾದೆ, ಅಭ್ಯಾಸ, ಇಳಿಯಲಿಲ್ಲ, ಬಾಗಿಲಿನ ಗುರುತು ಎಲ್ಲಿದೆ ಈ ಸಾಲಿನಲ್ಲಿ, ಇಷ್ಟು ವರ್ಷದಿಂದ ಇಲ್ಲೇ ಇದ್ದರೂ ಮುಟ್ಟದ್ದು, ಓ ಇಲ್ಲಿ, ಒತ್ತಿದೆ, ಪರದೆಯ ಬಾಣದ ತುದಿಗೆ ಒಂದು ಬಾಗಿಲು ಬಂದು ಅಂಟಿಕೊಂಡಿತು, ಗೆರೆ, ಗೆರೆಯ ತುದಿಯಿಂದ ಕಮಾನು, ನಾನು ಕೈ ಅಲ್ಲಾಡಿಸಿದಲ್ಲಿಗೆ ಅದೂ ಬರುತ್ತದೆ, ಗೋಡೆಯ ಹತ್ತಿರ ಹೋದರೆ ಎಡವೋ ಬಲವೋ ಎಂದು ಕೇಳುತ್ತದೆ, ಒಳಕ್ಕೋ ಹೊರಕ್ಕೋ ಎಂದು ಕೇಳುತ್ತದೆ, ಕುಂಞಿಪಾತುಮ್ಮ ನಸುಕಿನಲ್ಲಿ ಯಾವ ಕೈಯಲ್ಲಿ ಚಾ ಪಾತ್ರೆ ಹಿಡಿಯುತ್ತಾರೆ, ಕೇಳಬೇಕಿತ್ತು, ಕೇಳುವ ಕೆಲಸ ಅವರದಾಗಿತ್ತು, ಎಡ, ಬಲ, ನಾಳೆ ಬೆಳಿಗ್ಗೆ ಶರ್ಟು, ಎಡ, ಎಡಗೈ, ಗೋಡೆಗೆ ತಾಗಿಸಿದೆ, ತಾಗಿತು, ಬೆರಳು ಒತ್ತಲಿಲ್ಲ, ಹಿಂದೆ ತಂದೆ, ಮತ್ತೆ ಒಯ್ದೆ, ಮತ್ತೆ ಹಿಂದೆ, ಗೋಡೆಯ ಹೊರಗೆ, ಪರದೆಯ ಬಿಳಿಯಲ್ಲಿ, ಯಾವ ಮನೆಯದೂ ಅಲ್ಲದ ಆ ಗೆರೆ, ಆ ಕಮಾನು, ತೂಗುತ್ತಾ, ತೆರೆದುಕೊಂಡು —